ಸಿಗರೇಟು ಬಿಡುವವನಿಗೆ ಗೆಳೆಯ ಬೇಕಾಗುವುದು ಐದು ನಿಮಿಷಕ್ಕೆ

ರಾತ್ರಿ ಮಲಗುವಾಗ ಸಿಗರೇಟು ಬಿಡುವುದು ಬಹಳ ಸುಲಭ. ದಿನದ ಪ್ಯಾಕು ಖಾಲಿಯಾಗಿರುತ್ತದೆ. ಗಂಟಲು ಕೆರೆಯುತ್ತಿರುತ್ತದೆ. ಬೆರಳುಗಳು ವಾಸನೆ ಹೊಡೆಯುತ್ತಿರುತ್ತವೆ. "ನಾಳೆಯಿಂದ ಮುಟ್ಟಲ್ಲ" ಅಂತ ನಿಜವಾಗಿಯೂ ಅಂದುಕೊಳ್ಳುತ್ತೇವೆ. ಮರುದಿನ ಹನ್ನೊಂದು ಗಂಟೆಗೆ ಪಕ್ಕದ ಸೀಟಿನವನು ಎದ್ದು, ಜೇಬು ತಟ್ಟಿ ನೋಡಿಕೊಂಡು, "ಬರ್ತೀಯಾ?" ಅನ್ನುತ್ತಾನೆ. ಅಷ್ಟೇ. ನಾವು ಹೂಂ ಅನ್ನುವ ಮೊದಲೇ ಕಾಲು ಮೆಟ್ಟಿಲು ಇಳಿದಿರುತ್ತದೆ.

ನಾನು ಹೀಗೆ ಎಷ್ಟು ಸಲ ಬಿಟ್ಟೆ ಅನ್ನುವ ಲೆಕ್ಕ ನನಗೇ ಇಲ್ಲ. ಪ್ರತಿ ಸಲ ಸೋತಾಗಲೂ ನನಗೆ ಮನೋಬಲ ಇಲ್ಲ ಅಂತಲೇ ತೀರ್ಮಾನ ಮಾಡುತ್ತಿದ್ದೆ. ಅದು ಪೂರ್ತಿ ಸರಿಯಲ್ಲ ಅಂತ ತಿಳಿಯಲು ವರ್ಷಗಳು ಬೇಕಾದವು. ರಾತ್ರಿ ನಿರ್ಧಾರ ಮಾಡಿದವನೂ ನಾನೇ, ಬೆಳಗ್ಗೆ ಮೆಟ್ಟಿಲು ಇಳಿದವನೂ ನಾನೇ. ಆದರೆ ಆ ಎರಡು ಹೊತ್ತಿನಲ್ಲಿ ನನ್ನ ಮಿದುಳು ಒಂದೇ ತರ ಇರಲಿಲ್ಲ. ಗೆಳೆಯರ ಸಹಾಯ ಎಲ್ಲಿ ಬೇಕು, ಯಾಕೆ ಬೇಕು ಅಂತ ಅರ್ಥವಾಗಬೇಕಾದರೆ ಮೊದಲು ಆ ಮಿದುಳಿನ ಕಥೆ ಗೊತ್ತಿರಬೇಕು.

ಕೈಸಾಲದ ಲೆಕ್ಕ

ಒಂದು ದಮ್ಮು ಎಳೆದರೆ, ಅದರಲ್ಲಿನ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮಿದುಳು ಮುಟ್ಟಲು 10ರಿಂದ 20 ಸೆಕೆಂಡು ಸಾಕು. ಮಿದುಳಿನ ಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಅನ್ನುವ ದೇಹದ್ದೇ ರಾಸಾಯನಿಕಕ್ಕೆಂದು ಮಾಡಿದ ಬೀಗಗಳಿವೆ. ರಿಸೆಪ್ಟರ್ ಅನ್ನುತ್ತಾರೆ. ನಿಕೋಟಿನ್ ಆ ಬೀಗಕ್ಕೆ ಸರಿಯಾಗಿ ಕೂರುವ ಕಳ್ಳ ಕೀಲಿಕೈ. ಬೀಗ ತೆರೆದ ಕೂಡಲೇ ಡೋಪಮಿನ್ ಬಿಡುಗಡೆಯಾಗುತ್ತದೆ. ಡೋಪಮಿನ್ ಅಂದರೆ ಬರೀ ಖುಷಿ ಅಂದುಕೊಳ್ಳುತ್ತೇವೆ. ಅದರ ಮುಖ್ಯ ಕೆಲಸ ಪಾಠ ಹೇಳಿಕೊಡುವುದು: "ಈಗ ಮಾಡಿದ್ದು ಒಳ್ಳೆಯದು, ನೆನಪಿಟ್ಟುಕೋ, ಮತ್ತೆ ಮಾಡು."

ಈಗ ಲೆಕ್ಕ ಹಾಕಿ. ಒಂದು ಸಿಗರೇಟಿಗೆ ಸುಮಾರು ಹತ್ತು ದಮ್ಮು. ದಿನಕ್ಕೆ ಇಪ್ಪತ್ತು ಸೇದುವವನು ಇನ್ನೂರು ಸಲ ಈ ಪಾಠ ಕೇಳುತ್ತಾನೆ. ವರ್ಷಕ್ಕೆ 73,000 ಸಲ. ಜಗತ್ತಿನಲ್ಲಿ ಬೇರೆ ಯಾವ ಪಾಠವನ್ನೂ ನಾವು ಇಷ್ಟು ಸಲ ಉರು ಹೊಡೆದಿರುವುದಿಲ್ಲ, ಅಲ್ವಾ? ಊಟ ಮುಗಿಸಿದ್ದು, ಫೋನ್ ಬಂದದ್ದು, ಬಾಸ್ ಬೈದದ್ದು, ಮಳೆ ಶುರುವಾದದ್ದು, ಎಲ್ಲದರ ಪಕ್ಕದಲ್ಲೂ ಒಂದು ಸಿಗರೇಟಿನ ಚಿತ್ರ ಅಂಟಿಕೊಂಡಿರುತ್ತದೆ.

ಇನ್ನೊಂದು ಕಡೆ, ಪದೇ ಪದೇ ಕಳ್ಳ ಕೀಲಿ ಬರುವುದರಿಂದ ಮಿದುಳು ಬೀಗಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಖಾಲಿ ಬಿದ್ದ ಬೀಗಗಳು ಕಿರಿಕಿರಿ ಶುರುಮಾಡುತ್ತವೆ. ಬೆಳಗಿನ ಮೊದಲ ಸಿಗರೇಟು ಅಷ್ಟು ರುಚಿ ಅನ್ನಿಸುವುದು ಇದಕ್ಕೇ. ಇಡೀ ರಾತ್ರಿಯ ಬಾಕಿ ಒಮ್ಮೆಗೇ ತೀರುತ್ತದೆ. ಎದ್ದ ಮೇಲೆ ಎಷ್ಟು ನಿಮಿಷಕ್ಕೆ ಮೊದಲನೆಯದು ಹಚ್ಚುತ್ತೀರಿ ಅನ್ನುವುದು ಚಟ ಎಷ್ಟು ಆಳಕ್ಕಿಳಿದಿದೆ ಎಂದು ಅಳೆಯಲು ವೈದ್ಯರು ಕೇಳುವ ಮುಖ್ಯ ಪ್ರಶ್ನೆ. ಐದು ನಿಮಿಷದೊಳಗೆ ಅಂದರೆ ಬಹಳ ಆಳ.

"ಟೆನ್ಷನ್ ಆದಾಗ ಒಂದು ಸೇದಿದರೆ ಹಗುರ ಆಗುತ್ತೆ" ಅನ್ನುವ ಮಾತಿನ ಗುಟ್ಟೂ ಇಲ್ಲೇ ಇದೆ. ಹಗುರ ಆಗುವುದು ಸುಳ್ಳಲ್ಲ. ಆದರೆ ಆ ಭಾರದಲ್ಲಿ ಒಂದಿಷ್ಟನ್ನು ಹಿಂದಿನ ಸಿಗರೇಟೇ ಹೊರಿಸಿ ಹೋಗಿರುತ್ತದೆ. ಸಾಲ ಕೊಟ್ಟವನೇ ಬಂದು ಬಡ್ಡಿ ಕಟ್ಟಲು ಕೈಸಾಲ ಕೊಟ್ಟ ಹಾಗೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ ಬಂತು. ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು, ಸೇದುತ್ತಲೇ ಇದ್ದವರಿಗೆ ಹೋಲಿಸಿದರೆ.

ಮೂರು ಗಡಿಯಾರ

ಬಿಟ್ಟ ಮೇಲೆ ಒಳಗೆ ಮೂರು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ಇದು ಗೊತ್ತಿಲ್ಲದೆ ಬಹಳ ಜನ "ಇಷ್ಟು ದಿನ ಆಯ್ತು, ಇನ್ನೂ ಯಾಕೆ ಹೀಗೆ?" ಅಂತ ಕಂಗಾಲಾಗುತ್ತಾರೆ.

ಮೊದಲನೆಯದು ಬಿಟ್ಟ ಕೂಡಲೇ ಬರುವ ಕಾಟ. ಸಿಡುಕು, ನಿದ್ದೆ ಕೆಡುವುದು, ಗಮನ ನಿಲ್ಲದಿರುವುದು, ಜಾಸ್ತಿ ಹಸಿವು. ಕೆಲವೇ ಗಂಟೆಗಳಲ್ಲಿ ಶುರುವಾಗಿ, ಎರಡು ಮೂರನೇ ದಿನ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಎರಡನೆಯದು ಬೀಗಗಳದ್ದು. ಹೆಚ್ಚಾಗಿದ್ದ ರಿಸೆಪ್ಟರ್‌ಗಳು ಸೇದದವರ ಮಟ್ಟಕ್ಕೆ ಮರಳಲು ಸುಮಾರು 6ರಿಂದ 12 ವಾರ ಬೇಕು. ಮೂರನೆಯದು ನೆನಪಿನ ಗಡಿಯಾರ. ಇದಕ್ಕೆ ಗಡುವು ಅಂತಿಲ್ಲ. ಆರು ತಿಂಗಳ ನಂತರ ಹಳೆಯ ಗೆಳೆಯನೊಬ್ಬ ಸಿಕ್ಕಿದಾಗ, ಎಲ್ಲಿಂದಲೋ ಬಂದಂತೆ, ತುಡಿತ ಎದ್ದು ನಿಲ್ಲುತ್ತದೆ. ದೇಹದಲ್ಲಿ ಆಗ ನಿಕೋಟಿನ್ ಒಂದು ಹನಿಯೂ ಇರುವುದಿಲ್ಲ. ಅದು ಬರೀ ನೆನಪು.

ಕಾಫಿ ಕುಡಿಯುವವರಿಗೆ ಒಂದು ಮಾತು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತು ಕೆಫೀನನ್ನು ಬೇಗ ಬೇಗ ಹೊರಹಾಕುವಂತೆ ಮಾಡುತ್ತವೆ. ಸೇದುವುದು ನಿಂತರೆ ಆ ವೇಗ ತಗ್ಗುತ್ತದೆ. ಅಷ್ಟೇ ಕಾಫಿಗೆ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ನಿಲ್ಲುತ್ತದೆ. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ, ಇವೆಲ್ಲಕ್ಕೂ "ಸಿಗರೇಟು ಬಿಟ್ಟಿದ್ದಕ್ಕೇ" ಅಂತ ಅಂದುಕೊಳ್ಳುತ್ತೇವೆ. ಅರ್ಧ ಕಾರಣ ಕಾಫಿ. ಕಪ್ಪು ಅರ್ಧ ಮಾಡಿದರೆ ಸಾಕು. ಇದೇ ಕಾರಣಕ್ಕೆ ಕೆಲವು ಮಾತ್ರೆಗಳ ಪ್ರಮಾಣವೂ ಏರುಪೇರಾಗಬಹುದು. ದಿನಾ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಮಾನಸಿಕ ಕಾಯಿಲೆಯ ಮಾತ್ರೆ ನುಂಗುವವರು, ಬಿಡುವ ಮೊದಲು ವೈದ್ಯರಿಗೆ ಒಂದು ಮಾತು ಹೇಳಬೇಕು.

ತುಡಿತದ ಬಗ್ಗೆ ಒಳ್ಳೆಯ ಸುದ್ದಿ ಅಂದರೆ ಅದು ಅಲೆಯ ಹಾಗೆ ಬರುತ್ತದೆ. ಏರುತ್ತದೆ, ತುದಿಗೆ ಹೋಗುತ್ತದೆ, ಇಳಿಯುತ್ತದೆ. ಹೆಚ್ಚಿನವು ಕೆಲವೇ ನಿಮಿಷ ಇರುತ್ತವೆ. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಆದರೆ ಅಲೆಯ ಒಳಗೆ ಇರುವವನಿಗೆ ಇದು ಕಾಣುವುದಿಲ್ಲ. ಇದು ಹೀಗೇ ಏರುತ್ತಾ ಹೋಗುತ್ತದೆ, ಸೇದದೆ ಬೇರೆ ದಾರಿಯೇ ಇಲ್ಲ ಅನ್ನಿಸುತ್ತದೆ. ರಾತ್ರಿಯ ನಿರ್ಧಾರ, ಶ್ವಾಸಕೋಶದ ಚಿತ್ರ, ಮಕ್ಕಳ ಮುಖ ಯಾವುದೂ ಆಗ ನೆನಪಿಗೆ ಬರುವುದಿಲ್ಲ. ಬಂದರೂ ಮಂಕಾಗಿ ಬರುತ್ತದೆ.

ಹಾಗಾಗಿ ಉತ್ಸಾಹ ಅನ್ನುವುದನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡು ಬೇಕಾದಾಗ ತೆಗೆಯಲು ಆಗುವುದಿಲ್ಲ. ಬೇಕಾದ ಹೊತ್ತಿಗೇ ಡಬ್ಬಿ ಖಾಲಿ. ಆ ಐದು ನಿಮಿಷಕ್ಕೆ ಬೇರೆ ಯಾರದೋ ತಲೆಯನ್ನು ಎರವಲು ತರಬೇಕು. ಗೆಳೆಯ ಅಂದರೆ ಅದು.

ಸೇದುವುದೂ ಗುಂಪಿನಲ್ಲಿ, ಬಿಡುವುದೂ ಗುಂಪಿನಲ್ಲಿ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ ಹೃದಯದ ಆರೋಗ್ಯದ ಬಗ್ಗೆ 1948ರಿಂದ ಒಂದು ಅಧ್ಯಯನ ನಡೆಯುತ್ತಿದೆ. ಮುಂದೆ ಎಲ್ಲಿದ್ದಾರೆ ಅಂತ ಪತ್ತೆ ಹಚ್ಚಲು ಸುಲಭವಾಗಲಿ ಅಂತ, ಪ್ರತಿಯೊಬ್ಬರ ಹತ್ತಿರದ ನೆಂಟರು ಮತ್ತು ಗೆಳೆಯರ ಹೆಸರನ್ನೂ ಬರೆದುಕೊಂಡಿದ್ದರು. ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅನ್ನುವ ಸಂಶೋಧಕರು ಆ ಹಳೆಯ ಕಾಗದಗಳಿಂದ 12,067 ಜನರ ಸಂಬಂಧಗಳ ಜಾಲವನ್ನು ಕಟ್ಟಿ, 1971ರಿಂದ 2003ರವರೆಗೆ ಯಾರು ಯಾವಾಗ ಸಿಗರೇಟು ಬಿಟ್ಟರು ಅಂತ ನೋಡಿದರು. 2008ರಲ್ಲಿ ಅದು ಪ್ರಕಟವಾಯಿತು.

ಅವರಿಗೆ ಕಂಡದ್ದು ಇದು. ಜನ ಒಬ್ಬೊಬ್ಬರಾಗಿ ಬಿಡುತ್ತಿರಲಿಲ್ಲ. ಪರಸ್ಪರ ಪರಿಚಯವಿರುವ ಇಡೀ ಗುಂಪುಗಳು ಹೆಚ್ಚುಕಡಿಮೆ ಒಟ್ಟಿಗೇ ಬಿಡುತ್ತಿದ್ದವು. ಗಂಡ ಬಿಟ್ಟರೆ ಹೆಂಡತಿ, ಹೆಂಡತಿ ಬಿಟ್ಟರೆ ಗಂಡ ಸೇದುವ ಸಾಧ್ಯತೆ ಶೇ. 67ರಷ್ಟು ಕಡಿಮೆ. ಗೆಳೆಯ ಬಿಟ್ಟರೆ ಶೇ. 36, ಸಣ್ಣ ಕಚೇರಿಯ ಸಹೋದ್ಯೋಗಿ ಬಿಟ್ಟರೆ ಶೇ. 34, ಒಡಹುಟ್ಟಿದವರು ಬಿಟ್ಟರೆ ಶೇ. 25. ಒಡಹುಟ್ಟಿದವರಿಗಿಂತ ಗೆಳೆಯನ ತೂಕ ಜಾಸ್ತಿ, ಗಮನಿಸಿ. ಒಂದೇ ತರದವರು ಗೆಳೆಯರಾಗುತ್ತಾರೆ, ಹಾಗಾಗಿ ಇದೆಲ್ಲ ಗೆಳೆತನದ ಪ್ರಭಾವವೇ ಅನ್ನಲಾಗದು ಅಂತ ಕೆಲವು ಸಂಖ್ಯಾತಜ್ಞರು ತಕರಾರು ತೆಗೆದರು. ತಕರಾರಿನಲ್ಲಿ ಹುರುಳಿದೆ. ಆದರೂ ಗುಂಪುಗಳು ಒಟ್ಟಿಗೆ ಬಿಟ್ಟವು ಅನ್ನುವುದು ಅಲ್ಲಿನ ದಾಖಲೆಯಲ್ಲೇ ಇದೆ.

ನಮ್ಮ ಅನುಭವವೂ ಇದನ್ನೇ ಹೇಳುತ್ತದೆ. ಮೊದಲ ಸಿಗರೇಟನ್ನು ಒಬ್ಬನೇ ಕೂತು ಸೇದಿದವರು ಕಡಿಮೆ. ಯಾರೋ ಕೊಟ್ಟಿರುತ್ತಾರೆ, ಯಾರೋ ಕಡ್ಡಿ ಗೀರಿರುತ್ತಾರೆ. ನಿಜ ಹೇಳಬೇಕೆಂದರೆ ಬಿಡುವಾಗ ಸಂಕಟವಾಗುವುದರಲ್ಲಿ ಅರ್ಧ ಪಾಲು ಸಿಗರೇಟಿಗಾಗಿ ಅಲ್ಲ, ಆ ಹತ್ತು ನಿಮಿಷದ ಹರಟೆಗಾಗಿ. ಆಫೀಸಿನ ಅಸಲಿ ಸುದ್ದಿಯೆಲ್ಲ ಹೊಗೆಯ ಜೊತೆಗೇ ಹೊರಬರುತ್ತದೆ. ಬಿಟ್ಟವನು ಅದರಿಂದಲೂ ಹೊರಗುಳಿಯುತ್ತಾನೆ. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಡುತ್ತಿರುವವನಿಗೆ ಗೆಳೆಯ ಮಾಡಬಹುದಾದ ಮೊದಲ ಉಪಕಾರ, ಆ ಹತ್ತು ನಿಮಿಷವನ್ನು ಸಿಗರೇಟಿಲ್ಲದೆ ವಾಪಸ್ ಕೊಡುವುದು. "ಬಾ, ಒಂದು ಸುತ್ತು ನಡೆದು ಬರೋಣ." ಚುರುಕಾಗಿ ಹೀಗೆ ಸ್ವಲ್ಪ ಹೊತ್ತು ನಡೆದರೆ ತುಡಿತ ತಗ್ಗುತ್ತದೆ ಅಂತ ಪ್ರಯೋಗಗಳೂ ತೋರಿಸಿವೆ.

ಪೊಲೀಸ್ ಬೇಡ

ಇಲ್ಲಿ ಒಂದು ಗಂಟು ಇದೆ. ಗೆಳೆಯರ ಪ್ರಭಾವ ಇಷ್ಟು ದೊಡ್ಡದಾದರೆ, ಗೆಳೆಯರಿಗೆ, ಸಂಗಾತಿಗಳಿಗೆ ತರಬೇತಿ ಕೊಟ್ಟು ಬೆಂಬಲ ಕೊಡಿಸಿದರೆ ಎಲ್ಲರೂ ಬಿಡಬೇಕಲ್ಲ? ಅಂಥ ಪ್ರಯೋಗಗಳು ನಡೆದಿವೆ. ಅವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಬಿಟ್ಟವರ ಸಂಖ್ಯೆ ಸ್ಪಷ್ಟವಾಗಿ ಹೆಚ್ಚಿದ್ದು ಕಾಣಲಿಲ್ಲ. ಒಂದು ಕಾರಣ ತಮಾಷೆಯಾಗಿದೆ. ಹೆಚ್ಚಿನ ಪ್ರಯೋಗಗಳಲ್ಲಿ ತರಬೇತಿಯ ನಂತರವೂ ಬೆಂಬಲವೇ ಜಾಸ್ತಿಯಾಗಿರಲಿಲ್ಲ. ಹೇಳಿಕೊಟ್ಟ ಮಾತ್ರಕ್ಕೆ ಜನ ತಮ್ಮ ಮಾತಿನ ರೀತಿ ಬದಲಿಸುವುದಿಲ್ಲ.

ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. 1990ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಎಡ್ವರ್ಡ್ ಲಿಕ್ಟೆನ್‌ಸ್ಟೈನ್ ಅನ್ನುವ ಮನಶ್ಶಾಸ್ತ್ರಜ್ಞರು, ಬಿಡುತ್ತಿರುವವರ ಜೊತೆ ಸಂಗಾತಿಗಳು ಹೇಗೆ ನಡೆದುಕೊಂಡರು ಅಂತ ಎರಡು ಪಟ್ಟಿ ಮಾಡಿದರು. ಮೆಚ್ಚುವುದು, ಗಮನ ಬೇರೆ ಕಡೆ ಸೆಳೆಯುವುದು, ಸಿಡುಕನ್ನು ಸಹಿಸಿಕೊಳ್ಳುವುದು ಒಂದು ಪಟ್ಟಿ. ಕೊಂಕು ನುಡಿಯುವುದು, ವಾಸನೆಯ ಬಗ್ಗೆ ಗೊಣಗುವುದು, ಬಿಡಬಲ್ಲೆಯಾ ಅಂತ ಅನುಮಾನ ಪಡುವುದು ಇನ್ನೊಂದು. ಯಾರು ಬಿಟ್ಟರು ಅನ್ನುವುದಕ್ಕೆ ಸಂಬಂಧ ಕಂಡದ್ದು ಈ ಎರಡರ ಅನುಪಾತಕ್ಕೆ. ಅಂದರೆ ಹತ್ತು ಒಳ್ಳೆಯ ಮಾತಾಡಿ ಹತ್ತು ಚುಚ್ಚಿದರೆ ಲೆಕ್ಕ ಸೊನ್ನೆಯ ಹತ್ತಿರ.

ಪ್ರೀತಿ ಇರುವವರೇ ಇಲ್ಲಿ ಎಡವುತ್ತಾರೆ. ಬಾಯಿ ಮೂಸಿ ನೋಡುವುದು, ಜೇಬು ತಡಕುವುದು, "ಎಷ್ಟು ಸೇದಿದೆ, ನಿಜ ಹೇಳು" ಅಂತ ಕೇಳುವುದು, ನಾಲ್ಕು ಜನರ ಮುಂದೆ "ಇವನು ಬಿಟ್ಟಿದ್ದಾನಂತೆ, ನೋಡೋಣ ಎಷ್ಟು ದಿನ" ಅನ್ನುವುದು. ಇದರಿಂದ ಸೇದುವುದು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಕದ್ದು ಸೇದುವವನು ತುಡಿತ ಬಂದಾಗ ಯಾರಿಗೆ ಫೋನ್ ಮಾಡುತ್ತಾನೆ? ಸಹಾಯದ ದಾರಿ ಅಲ್ಲಿಗೇ ಮುಚ್ಚಿತು.

ನನ್ನ ಕೊನೆಯ ಸಲದ ಕಥೆ ಹೇಳುತ್ತೇನೆ. ಗೆಳೆಯನೊಬ್ಬನಿಗೆ "ಬೇಕು ಅನ್ನಿಸಿದಾಗ ಮೆಸೇಜ್ ಹಾಕ್ತೀನಿ" ಅಂದಿದ್ದೆ. ಮೂರನೇ ದಿನ ಸಂಜೆ ಹಾಕಿದೆ. ಅವನು ಉಪದೇಶ ಮಾಡಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. "ಎಲ್ಲಿದ್ದೀಯಾ?" ಅಂತ ಕೇಳಿದ. ಬಸ್ಸಿಗೆ ಕಾಯುತ್ತಿದ್ದೇನೆ ಅಂದೆ. "ಪಕ್ಕದಲ್ಲಿ ಯಾರಿದ್ದಾರೆ?" ಸೇದುವವರಿದ್ದಾರೆ ಅಂದೆ. "ಆ ಕಡೆ ಹೋಗಿ ನಿಲ್ಲು. ಬಸ್ಸು ಬಂತಾ?" ಇಷ್ಟೇ ಮಾತು. ಬಸ್ಸು ಬಂತು. ಆ ಪ್ರಶ್ನೆಗಳು ಎಷ್ಟು ಚುರುಕಾಗಿದ್ದವು ಅಂತ ನನಗೆ ಆಮೇಲೆ ಗೊತ್ತಾಯಿತು. ಯಾಕೆ ಬಿಡಬೇಕು ಅಂತ ವಾದ ಮಾಡಲು ಅಲೆಯ ಒಳಗಿರುವವನಿಗೆ ಶಕ್ತಿ ಇರುವುದಿಲ್ಲ. ಎಲ್ಲಿದ್ದೀಯಾ ಅಂದರೆ ಉತ್ತರ ಗೊತ್ತಿರುತ್ತದೆ. ಉತ್ತರ ಹೇಳುವಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತದೆ.

ಇಷ್ಟು ಸಣ್ಣ ಮೆಸೇಜಿನಿಂದ ಏನಾಗುತ್ತದೆ ಅನ್ನಿಸಬಹುದು. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ಪ್ರಕಟವಾಯಿತು. 5,800 ಸೇದುವವರು. ಅರ್ಧ ಜನರಿಗೆ ಬಿಡಲು ಹುರಿದುಂಬಿಸುವ ಮೆಸೇಜುಗಳು ಮೊಬೈಲಿಗೆ ಬರುತ್ತಿದ್ದವು. ತುಡಿತ ಬಂದಾಗ ಒಂದು ಪದ ಕಳಿಸಿದರೆ ತಕ್ಷಣ ಉತ್ತರ ಬರುತ್ತಿತ್ತು. ಉಳಿದರ್ಧಕ್ಕೆ ಸಿಗರೇಟಿಗೆ ಸಂಬಂಧವಿಲ್ಲದ ಮೆಸೇಜು. ಆರು ತಿಂಗಳ ನಂತರ, ಜೊಲ್ಲು ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡಾಗ, ಮೊದಲ ಗುಂಪಿನಲ್ಲಿ ಶೇ. 10.7 ಜನ ಬಿಟ್ಟಿದ್ದರು, ಎರಡನೆಯದರಲ್ಲಿ ಶೇ. 4.9. ಅದೂ ಯಂತ್ರ ಕಳಿಸಿದ ಮೆಸೇಜು.

ಸಹಾಯ ಕೇಳುವುದು ಹೇಗೆ

"ನನಗೆ ಸಪೋರ್ಟ್ ಮಾಡ್ರೋ" ಅಂದರೆ ಎಲ್ಲರೂ ಆಯ್ತು ಅನ್ನುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಅವರ ತಪ್ಪಲ್ಲ. ಏನು ಮಾಡಬೇಕು ಅಂತ ಅವರಿಗೆ ಗೊತ್ತಿಲ್ಲ. ಕೆಲಸವನ್ನು ಸಣ್ಣದಾಗಿ, ಸ್ಪಷ್ಟವಾಗಿ ಹೇಳಬೇಕು. "ಹನ್ನೊಂದಕ್ಕೆ ನನ್ನನ್ನು ಕರೀಬೇಡ, ಹನ್ನೊಂದೂಕಾಲಿಗೆ ಬಂದು ಮಾತಾಡಿಸು." "ನಾನೇ ಕೇಳಿದರೂ ಕೊಡಬೇಡ." "ಮೊದಲ ವಾರ ಸಿಡುಕ್ತೀನಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ." "ಸೇದಿಬಿಟ್ಟೆ ಅಂದಾಗ ಬೈಬೇಡ."

ಎಲ್ಲ ಕೆಲಸವನ್ನೂ ಒಬ್ಬನ ಮೇಲೆ ಹಾಕಬೇಡಿ. ಫೋನ್ ತಕ್ಷಣ ಎತ್ತುವವನು ಒಬ್ಬ, ಜೊತೆಗೆ ನಡೆಯುವವನು ಇನ್ನೊಬ್ಬ, ನಗಿಸುವವನು ಮತ್ತೊಬ್ಬ. ಸಾಧ್ಯವಾದರೆ ಒಬ್ಬನಾದರೂ ಮೊದಲು ಸೇದಿ ಬಿಟ್ಟವನಿರಲಿ. ಸೇದದವನಿಗೆ ಆ ಮೂರನೇ ದಿನ ಏನು ಅಂತ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ, ಪಾಪ.

ಸೇದುವ ಗೆಳೆಯರನ್ನು ಏನು ಮಾಡುವುದು? ದೂರ ಮಾಡಿ ಅನ್ನುವುದು ಪುಸ್ತಕದ ಬದನೆಕಾಯಿ. ಇಪ್ಪತ್ತು ವರ್ಷದ ಗೆಳೆತನವನ್ನು ಯಾರೂ ಹಾಗೆ ಬಿಡುವುದಿಲ್ಲ, ಬಿಡಲೂಬಾರದು. ಆದರೆ ಮೊದಲ ಮೂರು ನಾಲ್ಕು ವಾರ ಭೇಟಿಯಾಗುವ ಜಾಗ, ಹೊತ್ತು ಬದಲಿಸಿಕೊಳ್ಳಬಹುದು. ಸೇದಲು ಅವಕಾಶವೇ ಇಲ್ಲದ ಕಡೆ ಸಿಗಬಹುದು. ಅದರಲ್ಲೂ ಕುಡಿಯಲು ಸೇರುವುದನ್ನು ಮುಂದೂಡುವುದು ಒಳ್ಳೆಯದು. ಎರಡು ಪೆಗ್ ಒಳಗೆ ಹೋದರೆ ರಾತ್ರಿಯ ನಿರ್ಧಾರ, ಗೆಳೆಯನ ಮೆಸೇಜು, ಎಲ್ಲವೂ ಒಟ್ಟಿಗೇ ಕರಗುತ್ತವೆ. ಜಾರಿದವರ ಕಥೆಗಳಲ್ಲಿ ಮದ್ಯದ ಪಾಲು ಬಹಳ ದೊಡ್ಡದು.

"ಒಂದೇ ಸಲ ಬಿಡಬೇಡ, ನಿಧಾನವಾಗಿ ಕಡಿಮೆ ಮಾಡು" ಅಂತ ಸಲಹೆ ಕೊಡುವ ಗೆಳೆಯರೂ ಇರುತ್ತಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು 697 ಜನರ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಎರಡು ವಾರದಲ್ಲಿ ಕಡಿಮೆ ಮಾಡುತ್ತಾ ಬಂದು ಬಿಟ್ಟವರಲ್ಲಿ ಆರು ತಿಂಗಳಿಗೆ ಶೇ. 15.5 ಜನ ಸೇದದೆ ಉಳಿದರು. ಒಂದು ದಿನ ಗೊತ್ತುಮಾಡಿ ಒಮ್ಮೆಗೇ ಬಿಟ್ಟವರಲ್ಲಿ ಶೇ. 22. ದಿನಕ್ಕೆ ಒಂದೇ ಒಂದು ಅಂತ ಇಟ್ಟುಕೊಳ್ಳುವುದೂ ನಾವು ಅಂದುಕೊಂಡಷ್ಟು ಲಾಭವಲ್ಲ. ಇಪ್ಪತ್ತರಿಂದ ಒಂದಕ್ಕೆ ಇಳಿದರೆ ಹೃದಯದ ಅಪಾಯವೂ ಇಪ್ಪತ್ತರಲ್ಲಿ ಒಂದಾಗುತ್ತದೆ ಅನ್ನಿಸುತ್ತದೆ. ಆಗುವುದಿಲ್ಲ. ದಿನಕ್ಕೆ ಇಪ್ಪತ್ತು ಸೇದುವವನ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು ಒಂದೇ ಸಿಗರೇಟಿಗೂ ಇರುತ್ತದೆ.

ಗೆಳೆಯ ಔಷಧಿ ಅಲ್ಲ

ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ವರ್ಷದ ಹೊತ್ತಿಗೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಜನ. ಔಷಧಿಯೂ ಮನುಷ್ಯರ ನೆರವೂ ಎರಡೂ ಇದ್ದಾಗ ಈ ಲೆಕ್ಕ ಚೆನ್ನಾಗಿ ಏರುತ್ತದೆ. ಔಷಧಿ ತೆಗೆದುಕೊಂಡರೆ ಗಟ್ಟಿಗನಲ್ಲ ಅನ್ನುವ ಒಂದು ಹುಸಿ ಅಭಿಮಾನ ನಮ್ಮಲ್ಲಿದೆ. ಕಾಲು ಮುರಿದವನು ಊರುಗೋಲು ಹಿಡಿದರೆ ಯಾರೂ ನಗುವುದಿಲ್ಲ.

ನಿಕೋಟಿನ್ ಗಮ್ ಹುಟ್ಟಿದ ಕಥೆ ಚೆನ್ನಾಗಿದೆ. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸಬ್‌ಮರೀನ್ ಸಿಬ್ಬಂದಿ ಒಳಗೆ ಸೇದುವಂತಿಲ್ಲದ್ದರಿಂದ ಹೊಗೆಸೊಪ್ಪು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಇದನ್ನು ಗಮನಿಸಿದ ವಿಜ್ಞಾನಿಯೊಬ್ಬರು ಓವೆ ಫರ್ನೊ ಅನ್ನುವ ಔಷಧ ತಜ್ಞರಿಗೆ ತಿಳಿಸಿದರು. ಅಲ್ಲಿಂದ ಗಮ್ ಬಂತು. ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ, ಸುಮಾರು ಎಪ್ಪತ್ತು ಕ್ಯಾನ್ಸರ್ ತರುವಂಥವು. ಚಟ ಹಿಡಿಸುವುದು ನಿಕೋಟಿನ್, ಕೊಲ್ಲುವುದು ಹೆಚ್ಚಾಗಿ ಹೊಗೆಯ ಉಳಿದ ಸರಕು. ಹೊಗೆ ಬಿಟ್ಟು ನಿಕೋಟಿನ್ ಮಾತ್ರ ಸ್ವಲ್ಪ ಸ್ವಲ್ಪ ಕೊಟ್ಟು, ಅದನ್ನೂ ಇಳಿಸುತ್ತಾ ಬರುವುದು ಇದರ ಉಪಾಯ.

ಗಮ್ಮನ್ನು ಬಹಳ ಜನ ತಪ್ಪಾಗಿ ಬಳಸುತ್ತಾರೆ. ಬಬಲ್ ಗಮ್ ತರ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗುತ್ತದೆ, ಬಿಕ್ಕಳಿಕೆ ಬರುತ್ತದೆ, ಕೆಲಸ ಮಾಡುವುದಿಲ್ಲ. ನಿಧಾನವಾಗಿ ಜಗಿಯಬೇಕು. ಖಾರ ಅಥವಾ ಚುರುಚುರು ಅನ್ನಿಸಿದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು ಸುಮ್ನೆ ಬಿಡಬೇಕು. ಚುರುಚುರು ಹೋದಾಗ ಮತ್ತೆ ಎರಡು ಸಲ ಜಗಿಯುವುದು. ಹೀಗೆ ಅರ್ಧ ಗಂಟೆ. ಗಮ್ಮಿಗೆ ಹದಿನೈದು ನಿಮಿಷ ಮೊದಲು ಕಾಫಿ, ಹಣ್ಣಿನ ರಸ ಬೇಡ. ಎದ್ದು ಅರ್ಧ ಗಂಟೆಯೊಳಗೆ ಮೊದಲನೆಯದು ಹಚ್ಚುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2 ಮಿಲಿಗ್ರಾಂ. ಚರ್ಮಕ್ಕೆ ಅಂಟಿಸುವ ಪ್ಯಾಚ್ ದಿನವಿಡೀ ತಳ ಕಾಯುತ್ತದೆ, ಗಮ್ ದಿಢೀರ್ ಅಲೆಗೆ. ಎರಡನ್ನೂ ಸೇರಿಸಿದರೆ ಒಂದಕ್ಕಿಂತ ಹೆಚ್ಚು ಫಲ. ವರೆನಿಕ್ಲಿನ್, ಬುಪ್ರೊಪಿಯಾನ್ ಅನ್ನುವ ಮಾತ್ರೆಗಳೂ ಇವೆ. ಅವನ್ನು ವೈದ್ಯರು ನೋಡಿ ಕೊಡಬೇಕು. ಗರ್ಭಿಣಿಯರು, ಹೃದಯದ ತೊಂದರೆ ಅಥವಾ ಫಿಟ್ಸ್ ಇರುವವರು ತಾವೇ ನಿರ್ಧರಿಸಬಾರದು.

ಜಾರಿದ ದಿನ

ಜಾರುವುದು ಬಹಳ ಜನರಿಗೆ ಆಗುತ್ತದೆ. ಅದು ಆದ ಮೇಲಿನ ಒಂದು ಗಂಟೆ ಮುಖ್ಯ. ಒಂದು ಸೇದಿದ ಮೇಲೆ ತಲೆ ಹೇಳುವುದು ಒಂದೇ: ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು. ಹೇಗೂ ಕೆಟ್ಟಿತು, ಪ್ಯಾಕೇ ಕೊಳ್ಳೋಣ. ಅಲನ್ ಮಾರ್ಲಟ್ ಅನ್ನುವ ಮನಶ್ಶಾಸ್ತ್ರಜ್ಞ ಈ ಯೋಚನೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ. ಒಂದು ಸಿಗರೇಟಿನಿಂದ ಪೂರ್ತಿ ಚಟಕ್ಕೆ ಮರಳಿಸುವುದರಲ್ಲಿ ನಿಕೋಟಿನ್ನಿನ ಜೊತೆಗೆ "ನಾನು ಇಷ್ಟೇ, ನನ್ನ ಕೈಲಾಗದು" ಅನ್ನುವ ನಾಚಿಕೆಯೂ ದೊಡ್ಡ ಕೆಲಸ ಮಾಡುತ್ತದೆ ಅಂತ ಅವನು ತೋರಿಸಿದ.

ಹಾಗಾಗಿ ಆ ಗಂಟೆಯಲ್ಲಿ ಗೆಳೆಯನ ಮಾತು ನಾಚಿಕೆಗೆ ಎಣ್ಣೆ ಹಾಕಬಾರದು. "ಪರವಾಗಿಲ್ಲ ಬಿಡು, ಒಂದು ತಾನೇ" ಅಂದರೂ ಕಷ್ಟ, ಅದು ಎರಡನೆಯದಕ್ಕೆ ರಹದಾರಿ. ಕೇಳಬೇಕಾದ್ದು: ಪ್ಯಾಕಿನಲ್ಲಿ ಇನ್ನೂ ಇದೆಯಾ? ಇದ್ದರೆ ಎಲ್ಲಿದೆ? ಅದನ್ನು ನೀರಿಗೆ ಹಾಕ್ತೀಯಾ, ನಾನು ಫೋನಲ್ಲೇ ಇರ್ತೀನಿ. ಯಾವಾಗ, ಯಾರ ಜೊತೆ, ಏನಾಗಿ ಸೇದಿದ ಅನ್ನುವುದು ಮರುದಿನ ಮಾತಾಡುವ ವಿಷಯ. ಅದರಲ್ಲಿ ಮುಂದಿನ ಸಲ ಬೇಲಿ ಎಲ್ಲಿ ಹಾಕಬೇಕು ಅನ್ನುವ ಸುಳಿವು ಇರುತ್ತದೆ. ಮೊದಲ ಎರಡು ವಾರದಲ್ಲಿ ಜಾರಿದರೆ ಪೂರ್ತಿ ಮರಳುವ ಸಾಧ್ಯತೆ ಜಾಸ್ತಿ, ಹಾಗಾಗಿ ಆ ದಿನಗಳಲ್ಲಿ "ಒಂದು ದಮ್ಮೂ ಇಲ್ಲ" ಅನ್ನುವ ನಿಯಮವೇ ಸುಲಭ. ಅರ್ಧ ಬಾಗಿಲು ತೆರೆದಿಟ್ಟರೆ ದಿನವಿಡೀ ಅದನ್ನೇ ಕಾಯಬೇಕಾಗುತ್ತದೆ.

ಚಪ್ಪಾಳೆ ನಿಂತ ಮೇಲೆ

ಮೊದಲ ವಾರ ಎಲ್ಲರೂ ಹುರಿದುಂಬಿಸುತ್ತಾರೆ. ಎರಡನೇ ತಿಂಗಳಿಗೆ ಯಾರಿಗೂ ನೆನಪಿರುವುದಿಲ್ಲ. ದೇಹದ ಕಾಟ ಇಳಿದಿರುತ್ತದೆ, ಅದರ ಜೊತೆ ಹೋರಾಟದ ಹುರುಪೂ ಇಳಿದಿರುತ್ತದೆ. ಪ್ಯಾಂಟು ಬಿಗಿಯಾಗಿರುತ್ತದೆ. ಬಿಟ್ಟ ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಹೆಚ್ಚುವುದು ಸಾಮಾನ್ಯ, ಅದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ. ಈ ಹೊತ್ತಿಗೆ "ಇಷ್ಟೆಲ್ಲ ಮಾಡಿ ಏನು ಸಿಕ್ಕಿತು?" ಅನ್ನಿಸಲು ಶುರುವಾಗುತ್ತದೆ.

ಸಿಕ್ಕಿದ್ದು ಬಹಳ ಇದೆ, ಆದರೆ ಹೆಚ್ಚಿನದು ಕಣ್ಣಿಗೆ ಕಾಣುವುದಿಲ್ಲ. ಬಿಟ್ಟ ಇಪ್ಪತ್ತು ನಿಮಿಷಕ್ಕೆ ನಾಡಿಬಡಿತ ಇಳಿಯುತ್ತದೆ. ಒಂದು ದಿನದೊಳಗೆ ರಕ್ತದ ಕಾರ್ಬನ್ ಮಾನಾಕ್ಸೈಡ್ ಸಹಜಕ್ಕೆ ಬರುತ್ತದೆ. ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧವಾಗುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸೇದುವವನ ಅರ್ಧಕ್ಕೆ ಬರುತ್ತದೆ. ರಿಚರ್ಡ್ ಡಾಲ್ ಅನ್ನುವ ಸಂಶೋಧಕ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ ಬ್ರಿಟನ್ನಿನ 34,439 ಗಂಡು ವೈದ್ಯರನ್ನು ಗಮನಿಸಿದರು. ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಮೊದಲೇ ಹೋದರು. ಅರವತ್ತಕ್ಕೆ ಬಿಟ್ಟವರಿಗೆ ಸುಮಾರು ಮೂರು ವರ್ಷ ವಾಪಸ್ ಸಿಕ್ಕಿತು, ಐವತ್ತಕ್ಕೆ ಆರು, ನಲವತ್ತಕ್ಕೆ ಒಂಬತ್ತು, ಮೂವತ್ತಕ್ಕೆ ಬಿಟ್ಟವರಿಗೆ ಹೆಚ್ಚುಕಡಿಮೆ ಪೂರ್ತಿ ಹತ್ತೂ.

ಇವು ದೊಡ್ಡ ಸಂಖ್ಯೆಗಳು. ಹನ್ನೊಂದು ಗಂಟೆಯ ಕರೆಗೆ ಎದುರು ನಿಲ್ಲುವಷ್ಟು ಹತ್ತಿರದವಲ್ಲ. ಹತ್ತಿರದವು ಬೇರೆ ಇರುತ್ತವೆ. ಅವನ್ನು ಮೊದಲು ಗಮನಿಸುವುದು ನಾವಲ್ಲ, ಪಕ್ಕದಲ್ಲಿರುವವರು. "ಮೂರು ಮಹಡಿ ಹತ್ತಿದೆ, ನಿಲ್ಲಲೇ ಇಲ್ಲ ನೀನು." "ರಾತ್ರಿ ಕೆಮ್ಮಲಿಲ್ಲ." ಇಂಥ ಒಂದು ಮಾತು ಮೂರನೇ ತಿಂಗಳಲ್ಲಿ ಸಿಕ್ಕರೆ ಮೊದಲ ದಿನದ ನೂರು ಶಭಾಷ್‌ಗಿಂತ ಹೆಚ್ಚು. ಗೆಳೆಯನಿಗೆ ನೆರವಾಗುವವರು ಕ್ಯಾಲೆಂಡರಿನಲ್ಲಿ ಮೂರನೇ ದಿನ, ಎರಡನೇ ವಾರ, ಮೂರನೇ ತಿಂಗಳು, ಆರನೇ ತಿಂಗಳು ಗುರುತು ಹಾಕಿಟ್ಟುಕೊಳ್ಳಲಿ. ಆ ದಿನ ಒಂದು ಫೋನ್ ಸಾಕು.

ಜೋಡಿಯಾಗಿ ಬಿಡುವವರು ಮಾತ್ರ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಒಬ್ಬ ಜಾರಿದರೆ ಇನ್ನೊಬ್ಬನೂ ಜಾರಲು ಅದೇ ನೆಪವಾಗುತ್ತದೆ. ಸೇದದ ಮೂರನೆಯವನೊಬ್ಬ ಜೊತೆಗಿದ್ದರೆ ಒಳ್ಳೆಯದು. ನನಗೆ "ಎಲ್ಲಿದ್ದೀಯಾ" ಅಂತ ಕೇಳಿದ್ದನಲ್ಲ, ಅವನೂ ನನ್ನ ಜೊತೆಗೇ ಬಿಟ್ಟಿದ್ದ. ನಾಲ್ಕನೇ ತಿಂಗಳಲ್ಲಿ ಮೊದಲು ಜಾರಿದ್ದು ನಾನಲ್ಲ, ಅವನೇ. ಮಧ್ಯಾಹ್ನ ಮೆಸೇಜ್ ಬಂತು, "ಹಚ್ಚಿಬಿಟ್ಟೆ ಕಣೋ." ಎಲ್ಲಿದ್ದೀಯಾ ಅಂದೆ. ಮೆಟ್ಟಿಲ ಹತ್ತಿರ ಅಂದ. ನಾನು ಇಳಿದು ಹೋಗುವಷ್ಟರಲ್ಲಿ ಅರ್ಧ ಸೇದಿದ್ದ. ಉಳಿದ ಅರ್ಧವನ್ನು ನನ್ನ ಕಡೆ ನೋಡದೆ ಗೋಡೆಗೆ ಒತ್ತಿ ಆರಿಸಿದ. ಆಮೇಲೆ ಇಬ್ಬರೂ ಅಲ್ಲೇ ಕೂತು, ಬಾಸ್ ಬಗ್ಗೆ ಹತ್ತು ನಿಮಿಷ ಮಾತಾಡಿದೆವು.